ಪಿಯು ಫಿಸಿಕ್ಸ್‌ನ ರೊಟೇಶನಲ್ ಮೋಷನ್ ಪಾಠ: ಮಗಳಿಗೆ ಹೇಗೆ ಅರ್ಥ ಮಾಡಿಸಲಿ?

ಕೇಳಿದವರು, ಹಾಸನ:
ಮಗಳು ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮ. ಈಗ ಫಸ್ಟ್ ಪಿಯು ಸೈನ್ಸ್. ಈ ಪಾಠದ ಸೂತ್ರಗಳೆಲ್ಲ ಬಾಯಿಪಾಠ ಆಗಿವೆ. ಆದರೆ ತಿರುಗುತ್ತಿರುವವರು ಕೈ ಮಡಚಿದರೆ ವೇಗ ಯಾಕೆ ಹೆಚ್ಚುತ್ತದೆ ಅಂತ ಕೇಳಿದರೆ ಸುಮ್ಮನಾಗುತ್ತಾಳೆ. ನಿಮ್ಮ ಮಕ್ಕಳಿಗೆ ಏನು ಉಪಯೋಗಕ್ಕೆ ಬಂತು, ದಯವಿಟ್ಟು ಹೇಳಿ.

ಪಿಯು ಉಪನ್ಯಾಸಕಿ:
ಮೇಡಂ, ಯಾರ ಮನೆಯಲ್ಲಾದರೂ ತಿರುಗುವ ಆಫೀಸ್ ಕುರ್ಚಿ ಇದ್ದರೆ ಅವಳನ್ನು ಅದರಲ್ಲಿ ಕೂರಿಸಿ. ಎರಡೂ ಕೈಗೆ ಒಂದೊಂದು ಲೀಟರ್ ನೀರಿನ ಬಾಟಲಿ ಕೊಡಿ. ಕೈ ಚಾಚಿರಲಿ, ಕಾಲು ನೆಲಕ್ಕೆ ತಾಗದಿರಲಿ. ಮೆಲ್ಲಗೆ ತಿರುಗಿಸಿ ಬಿಟ್ಟು, ಬಾಟಲಿಗಳನ್ನು ಎದೆಯ ಹತ್ತಿರ ಎಳೆದುಕೊಳ್ಳಲು ಹೇಳಿ. ವೇಗ ಹೆಚ್ಚುವುದು ಅವಳಿಗೇ ಗೊತ್ತಾಗುತ್ತದೆ.

ಆಮೇಲೆ ಲೆಕ್ಕ. ನಾನು ತರಗತಿಯಲ್ಲಿ ಮಾಡಿಸುವುದು ಇದು: ತಿರುಗುವ ವೇದಿಕೆ ಮತ್ತು ಮನುಷ್ಯನ ಮೊಮೆಂಟ್ ಆಫ್ ಇನರ್ಷಿಯಾ (ತಿರುಗುವ ವೇಗ ಬದಲಾಗದಂತೆ ತಡೆಯುವ ಜಡತ್ವ; ತೂಕ ಅಕ್ಷದಿಂದ ದೂರ ಇದ್ದಷ್ಟೂ ಹೆಚ್ಚು) ಒಟ್ಟು 7.6 ಕೆಜಿ·ಮೀ². ಕೈಗಳಲ್ಲಿ 5 ಕೆಜಿಯ ಎರಡು ತೂಕ. ಅವು ಅಕ್ಷದಿಂದ 90 ಸೆಂ.ಮೀ. ದೂರ ಇದ್ದಾಗ ಒಟ್ಟು 15.7. 20 ಸೆಂ.ಮೀ.ಗೆ ಎಳೆದುಕೊಂಡರೆ 8. ದೂರದ ವರ್ಗ ಲೆಕ್ಕಕ್ಕೆ ಬರುವುದರಿಂದಲೇ ಇಷ್ಟು ಇಳಿಯುವುದು. ಹೊರಗಿನಿಂದ ಯಾರೂ ತಿರುಗಿಸದಿದ್ದರೆ ಕೋನೀಯ ಸಂವೇಗ (ಈ ಇನರ್ಷಿಯಾ ಮತ್ತು ತಿರುಗುವ ವೇಗದ ಗುಣಲಬ್ಧ) ಬದಲಾಗಬಾರದು, ಹಾಗಾಗಿ ನಿಮಿಷಕ್ಕೆ 30 ಸುತ್ತು ಇದ್ದದ್ದು ಸುಮಾರು 59 ಆಗುತ್ತದೆ.

ಇಲ್ಲಿ ನಿಲ್ಲಿಸಬೇಡಿ. ಚಲನಶಕ್ತಿಯನ್ನೂ ಲೆಕ್ಕ ಹಾಕಿಸಿ. ಅದು ಹೆಚ್ಚುಕಡಿಮೆ ದುಪ್ಪಟ್ಟಾಗಿರುತ್ತದೆ! ಆ ಶಕ್ತಿ ಎಲ್ಲಿಂದ ಬಂತು ಅಂತ ಅವಳನ್ನೇ ಕೇಳಿ. ಬಾಟಲಿ ಒಳಗೆಳೆಯುವಾಗ ತೋಳಿಗೆ ಬಿಗಿ ಬರುತ್ತದೆ ಅಲ್ವಾ? ಅಲ್ಲಿ ಸ್ನಾಯುಗಳು ಮಾಡಿದ ಕೆಲಸವೇ ಅದು. ನನ್ನ ಪ್ರಕಾರ ಇಡೀ ಪಾಠದಲ್ಲಿ ಅತಿ ಚೆಂದದ ಪ್ರಶ್ನೆ ಇದೇ.

ಎಂಜಿನಿಯರಿಂಗ್ ವಿದ್ಯಾರ್ಥಿ:
ಅದೇ ಕುರ್ಚಿಯಲ್ಲಿ ಇನ್ನೊಂದು ಕೇಳಿ ಅಕ್ಕಾ. ಕೈ ಚಾಚಿ ತಿರುಗುತ್ತಿರುವಾಗ ಬಾಟಲಿಗಳನ್ನು ಸುಮ್ನೆ ಕೈಬಿಟ್ಟರೆ ವೇಗ ಹೆಚ್ಚುತ್ತದಾ? ನಮ್ಮ ಗೆಳೆಯರಲ್ಲಿ ಬಹುತೇಕರು ಹೌದು ಅಂದಿದ್ದರು. ಇಲ್ಲ, ಬದಲಾಗುವುದೇ ಇಲ್ಲ. ಬಾಟಲಿಗಳು ತಮ್ಮ ಪಾಲಿನ ಕೋನೀಯ ಸಂವೇಗವನ್ನು ತಾವೇ ಹೊತ್ತುಕೊಂಡು ಹೋಗುತ್ತವೆ. ಇದು ಹೊಳೆದರೆ ಅವಳಿಗೆ ಪಾಠ ಅರ್ಥವಾದಂತೆ. (ಮನೆಯಲ್ಲಿ ಮಾಡುವುದಾದರೆ ಖಾಲಿ ಜಾಗದಲ್ಲಿ ಮಾಡಿ, ಬಾಟಲಿಗಳು ಪಕ್ಕಕ್ಕೆ ಹಾರುತ್ತವೆ.)

ಒಬ್ಬ ತಂದೆ, ಬೆಂಗಳೂರು:
ನನ್ನ ಮಗನಿಗೆ ಹಿಡಿಸಿದ್ದು ಸೈಕಲ್ ಚಕ್ರ. ಎರಡೂ ಬದಿಗೆ ಹಿಡಿ ಹಾಕಿಸಿ, ಚಕ್ರವನ್ನು ತಟ್ಟೆಯ ಹಾಗೆ ಅಡ್ಡ ಹಿಡಿದು, ಜೋರಾಗಿ ತಿರುಗಿಸಿ ಅವನ ಕೈಗೆ ಕೊಟ್ಟೆವು. ನಿಂತಿದ್ದ ಕುರ್ಚಿಯಲ್ಲಿ ಕೂತು ಅವನು ಚಕ್ರವನ್ನು ತಲೆಕೆಳಗು ಮಾಡಿದ, ಕುರ್ಚಿ ತಾನೇ ತಿರುಗಿತು. ಉಪಗ್ರಹಗಳೂ ಒಳಗಿನ ರಿಯಾಕ್ಷನ್ ವೀಲ್‌ಗಳ (ಮೋಟರ್‌ನಿಂದ ತಿರುಗುವ ಚಕ್ರಗಳ) ವೇಗ ಬದಲಿಸಿ ತಮ್ಮ ದಿಕ್ಕು ತಿರುಗಿಸಿಕೊಳ್ಳುತ್ತವೆ. ಇದನ್ನು ಹೇಳಿದ ಮೇಲೆ ಅವನ ಆಸಕ್ತಿ ಇನ್ನೂ ಹೆಚ್ಚಿತು.

ಪಿಯು ಉಪನ್ಯಾಸಕಿ:
ಒಂದು ಸೇರಿಸುತ್ತೇನೆ. "ಹಾಗಾದರೆ ಸ್ವಿಚ್ ಆಫ್ ಮಾಡಿದ ಫ್ಯಾನ್ ಯಾಕೆ ನಿಲ್ಲುತ್ತದೆ?" ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಗಾಳಿ ಮತ್ತು ಬೇರಿಂಗಿನ ಘರ್ಷಣೆ ಹೊರಗಿನಿಂದ ಟಾರ್ಕ್ (ತಿರುಗುವಿಕೆಯನ್ನು ಬದಲಿಸುವ ಬಲದ ಪರಿಣಾಮ) ಕೊಡುತ್ತವೆ, ಅದಕ್ಕೇ ನಿಲ್ಲುತ್ತದೆ. ಆದ್ದರಿಂದ ಪರೀಕ್ಷೆಯಲ್ಲಿ "ಹೊರಗಿನ ಟಾರ್ಕ್ ಸೊನ್ನೆ" ಅನ್ನುವುದನ್ನು ಮೊದಲ ಸಾಲಿನಲ್ಲೇ ಬರೆಯಲಿ.