ಜಪಾನ್ ಹುಡುಗ್ರ ಕಾರು, ನಮ್ಮ ಪದ್ಮಿನಿ, ಮತ್ತೆ ಆ 2,700 ರೂಪಾಯಿ

ಗ್ರೂಪ್: ಆಟೊಮೊಬೈಲ್ 96-99 🔧
ಭಾನುವಾರ

ಸೀನ, 6.48: (ಫೋಟೊ, ಹಲವು ಬಾರಿ ಫಾರ್ವರ್ಡ್ ಆಗಿದೆ) ಜಪಾನಿನಲ್ಲಿ ಹತ್ತನೇ ಕ್ಲಾಸ್ ಮಕ್ಕಳು ಸೊನ್ನೆಯಿಂದ ತಯಾರಿಸಿದ ಕಾರು!! ನಮ್ಮ ಮಕ್ಕಳು ರೀಲ್ಸ್ ನೋಡುತ್ತಾ ಕೂತಿವೆ. ನಾಚಿಕೆ ಆದರೆ 10 ಗ್ರೂಪಿಗೆ ಕಳಿಸಿ 🙏

ಸೀನ, 6.48: ಶುಭೋದಯ ಎಲ್ರಿಗೂ

ಶಿವು, 7.02: ಕಳ್ಸಲ್ಲ

ರಫಿ, 7.05: ಲೇ ಸೀನ ಹತ್ತನೇ ಕ್ಲಾಸಾ ಅವ್ರು? ಹಿಂದೆ ನಿಂತಿರೋನ್ಗೆ ನಿನಗಿಂತ ದಪ್ಪ ಮೀಸೆ ಐತೆ

ಮಂಜ ಹಮಾಮತ್ಸು, 7.20: ಗುಡ್ ಮಾರ್ನಿಂಗ್. ಇದು ಟೋಕಿಯೊ ಆಟೊ ಸಲೋನ್ ಅನ್ನೋ ಕಾರ್ ಶೋ ಕಣ್ರೋ. ಪ್ರತಿ ಜನವರೀಲಿ ಚಿಬಾ ಹತ್ರ ಮಕುಹಾರಿ ಮೆಸ್ಸೆ ಅಂತ ದೊಡ್ಡ ಹಾಲಲ್ಲಿ ಮೂರು ದಿನ ನಡಿಯುತ್ತೆ, 1983ರಲ್ಲಿ ಶುರು ಆದಾಗ ಟೋಕಿಯೊ ಎಕ್ಸೈಟಿಂಗ್ ಕಾರ್ ಶೋ ಅಂತಿತ್ತು, 87ರಲ್ಲಿ ಈ ಹೆಸ್ರು ಬಂತು. ಜಪಾನಿಗೆ ಬಂದ್ಮೇಲೆ ನಾನೂ ಒಂದ್ಸಲ ಹೋಗಿದ್ದೆ. ಕಂಪನಿಗಳ ಸ್ಟಾಲ್ ಜೊತೆಗೆ ಆಟೊಮೊಬೈಲ್ ಕಾಲೇಜಿನವ್ರೂ ಸ್ಟಾಲ್ ಹಾಕಿರ್ತಾರೆ. ನರಿಟಾ ಕಡೆ ನ್ಯಾಟ್ಸ್ ಅಂತ ಒಂದು ಕಾಲೇಜಿದೆ, ವರ್ಷ ವರ್ಷ ಬರ್ತಾರೆ. ಎರಡು ವರ್ಷ ಮೆಕ್ಯಾನಿಕ್ ಕೋರ್ಸು, ಅದು ಮುಗಿಸಿ ಇನ್ನೊಂದು ವರ್ಷ ಕಸ್ಟಮೈಸ್ ಕೋರ್ಸು, ಅಂದ್ರೆ ಇಪ್ಪತ್ತು ದಾಟಿದ ಹುಡುಗ್ರು. ಸೊನ್ನೆಯಿಂದ ಏನೂ ಅಲ್ಲ, ಹಳೇ ಗಾಡಿ ತಗೊಂಡು ಕತ್ತರಿಸಿ ಬೇರೆ ಶೇಪ್ ಮಾಡ್ತಾರೆ.

ಮಂಜ ಹಮಾಮತ್ಸು, 7.23: ಒಬ್ಬ ಹುಡುಗನ್ನ ನನ್ನ ಹರುಕು ಮುರುಕು ಜಪಾನೀಸಲ್ಲಿ ಮಾತಾಡ್ಸಿದೆ. ಕೋಟು ಟೈ ಹಾಕ್ಕೊಂಡು ಮದ್ವೆ ಗಂಡಿನ ತರ ನಿಂತಿದ್ದ, ಉಗುರ್ ಸಂದೀಲಿ ಮಾತ್ರ ಪಟ್ಟಿ, ಅದೇ ಬಾಡಿ ಡೆಂಟಿಗೆ ಮೆತ್ತೋ ಪೇಸ್ಟು, ಹಂಗೇ ಮೆತ್ಕೊಂಡಿತ್ತು 😄

ಶಿವು, 7.31: ನೋಡಿದ್ರಾ? ಪಟ್ಟಿ. ಮೂರನೇ ವರ್ಷ ಪೂರ್ತಿ ಪಟ್ಟಿ ಮೆತ್ತಿ ಉಜ್ಜಿ ಪೇಂಟ್ ಹೊಡ್ದು ಶೋಗೆ ನಿಲ್ಸಿದ್ರೆ ಅದು ಎಜುಕೇಶನ್ನಾ? ನನ್ನ ಶೆಡ್ಡಿಗೆ ಡಿಪ್ಲೊಮಾ ಮುಗಿಸಿ ಬರ್ತವಲ್ಲ, ಒಂದಕ್ಕೂ ಮಲ್ಟಿಮೀಟರ್ ಹಿಡಿಯಕ್ಕೆ ಬರಲ್ಲ, ಎಲೆಕ್ಟ್ರಿಕ್ ಸ್ಕೂಟರ್ ಬಂದ್ರೆ ಹಾವು ಕಂಡಂಗೆ ದೂರ ನಿಂತ್ಕೋತವೆ. ಮೊದ್ಲು ಅದು ಕಲಿಸ್ಲಿ. ಬಾಡಿ ಶೇಪ್ ಕಟ್ಕೊಂಡು ಏನ್ ಮಾಡಾಣ

ರಫಿ, 7.38: ಶಿವು ಪಟ್ಟಿ ಅಂತ ಹಗುರವಾಗಿ ಮಾತಾಡ್ಬ್ಯಾಡ, 24 ವರ್ಷದಿಂದ ಅದೇ ನಮ್ಮನೆ ಅನ್ನ. ದಪ್ಪ ಮೆತ್ತಿದ್ರೆ ಬಿರುಕು ಬಿಡ್ತದೆ, ಅದಕ್ಕೆ ಮೊದ್ಲು ತಗಡನ್ನ ತಟ್ಟಿ ತಟ್ಟಿ ಲೆವೆಲ್‌ಗೆ ತರ್ಬೇಕು. ಬನಿಯನ್ ಬಟ್ಟೆ ಅಂಗೈ ಕೆಳಗೆ ಇಟ್ಕೊಂಡು ಸವರಿದ್ರೆ ಕಣ್ಣಿಗೆ ಕಾಣದ ಉಬ್ಬು ಕೈಗೆ ಸಿಗ್ತದೆ. ನಿನ್ ಸ್ಕ್ಯಾನರ್ ಅದನ್ನ ತೋರ್ಸುತ್ತಾ

ಸೀನ, 7.40: ನಮ್ಮವ್ರಿಗೆ ಇಂಟರೆಸ್ಟೇ ಇಲ್ಲ ಬಿಡಿ ಅದೇ ಮೇನ್ ಪ್ರಾಬ್ಲಂ

ಲತಾ, 7.52: ಯಾಕಿಲ್ಲ ಸೀನ. ಇಂಜಿನಿಯರಿಂಗ್ ಹುಡುಗ್ರ ಬಾಜಾ ಸ್ಪರ್ಧೆ ಕೇಳಿಲ್ವಾ, 2007ರಿಂದ ನಡೀತಿದೆ, ಇಂದೋರ್ ಹತ್ರ ಪೀಥಾಂಪುರಕ್ಕೆ ದೇಶದ ಎಲ್ಲ ಕಡೆಯಿಂದ ಹುಡುಗ್ರು ತಾವೇ ವೆಲ್ಡ್ ಮಾಡಿದ ಗಾಡಿ ಲಾರೀಲಿ ಹಾಕ್ಕೊಂಡು ಹೋಗ್ತಾರೆ. ನನ್ನ ತಂಗಿ ಮಗ ಆ ಟೀಮಲ್ಲಿದ್ದ. ಬೆಲ್ಟು ಹೆಲ್ಮೆಟ್ಟು ಎಲ್ಲ ಹಾಕಿ ಕೂತವ್ನು ಐದು ಸೆಕೆಂಡಲ್ಲಿ ಆಚೆ ಬಂದಿರ್ಬೇಕು, ಇಲ್ಲಾಂದ್ರೆ ಗಾಡಿ ಟ್ರ್ಯಾಕಿಗೇ ಬಿಡಲ್ಲ. ಅವನು ಮನೆ ಡೈನಿಂಗ್ ಚೇರಲ್ಲಿ ದುಪಟ್ಟ ಕಟ್ಕೊಂಡು ಪ್ರಾಕ್ಟೀಸ್ ಮಾಡ್ತಿದ್ದ ಪಾಪ

ರಫಿ, 7.54: ನಮ್ ಆರ್‌ಟಿಒ ಬ್ರೇಕ್ ಇನ್‌ಸ್ಪೆಕ್ಟರ್ ಲತಾ ಮೇಡಂ ಎದ್ರು, ಎಲ್ರೂ ಹೆಲ್ಮೆಟ್ ಹಾಕ್ಕೊಳಿ

ಮಂಜ ಹಮಾಮತ್ಸು, 8.10: ಲತಾ ಬಾಜಾ ಗಾಡಿ ಟ್ರ್ಯಾಕಿಗೆ ಮಾತ್ರ ಅಲ್ವಾ. ನನಗೆ ಅಲ್ಲಿ ಆಶ್ಚರ್ಯ ಆಗಿದ್ದು ಬೇರೆ. ನ್ಯಾಟ್ಸ್ ಹುಡುಗ್ರು ಶೋ ಮುಗಿದ್ಮೇಲೆ ಅದೇ ಗಾಡೀಲಿ ರೋಡ್ ಮೇಲೆ ಟ್ರಿಪ್ ಹೋಗ್ತಾರೆ, ನಂಬರ್ ಪ್ಲೇಟ್ ಸಮೇತ, ಪೊಲೀಸ್ ಮುಂದೇನೇ. ಇಲ್ಲಿ ಶಾಕೆನ್ ಅಂತ ತಪಾಸಣೆ ಇದೆ, ಹೊಸ ಕಾರಿಗೆ ಮೂರು ವರ್ಷಕ್ಕೆ ಆಮೇಲೆ ಎರಡೆರಡು ವರ್ಷಕ್ಕೆ. ಗಾಡಿ ಅಳತೆ ಬದ್ಲಾದ್ರೆ, ಸಾಮಾನ್ಯವಾಗಿ ಉದ್ದ 3 ಸೆಂಟಿಮೀಟರ್, ಅಗಲ 2, ಎತ್ತರ 4, ಅದಕ್ಕಿಂತ ಜಾಸ್ತಿ ವ್ಯತ್ಯಾಸ ಬಂದ್ರೆ ತಗೊಂಡೋಗಿ ಮತ್ತೆ ಅಳೆಸಿ ತೂಗಿಸಿ ರಿಜಿಸ್ಟರ್ ಮಾಡಿಸ್ಬೇಕು. ಸೀನನ ಫೋಟೊದಲ್ಲಿರೋ ಫೆಂಡರ್ ನೋಡಿ, ಚಕ್ರದ ಮೇಲಿನ ತಗಡು. ಇಲ್ಲಿನ ಸಣ್ಣ ಸುಜುಕಿ ಜಿಮ್ನಿ 1,475 ಮಿಲಿಮೀಟರ್ ಅಗಲ, 660 ಸಿಸಿ ಕೇ ಕಾರ್ ಅಂತ ಕರೆಯೋ ಕ್ಲಾಸಿಗೆ 1,480ರ ತನಕ ಲಿಮಿಟ್ಟು. ಇರೋ ಜಾಗ 5 ಮಿಲಿಮೀಟರ್! ಫೆಂಡರ್ ಒಂದಿಂಚು ಉಬ್ಬಿಸಿದ್ಯಾ, ಕೇ ಕಾರಿನ ಹಳದಿ ಪ್ಲೇಟ್ ಹೋಗಿ ದೊಡ್ಡ ಕಾರಿನ ಬಿಳಿ ಪ್ಲೇಟ್, ಟ್ಯಾಕ್ಸೂ ಬೇರೆ. ಇದೆಲ್ಲಾ ಲೆಕ್ಕ ಹಾಕೇ ಕತ್ತರಿಸ್ಬೇಕು ಶಿವು, ಸುಮ್ನೆ ಪಟ್ಟಿ ಅಲ್ಲ

ಸೀನ, 8.12: ಜಿಮ್ನಿ ನಮ್ ದೇಶದ್ದಲ್ವಾ 🇮🇳

ಮಂಜ ಹಮಾಮತ್ಸು, 8.14: ಐದು ಡೋರಿಂದು ಗುರುಗ್ರಾಮದಲ್ಲಿ ಮಾಡ್ತಾರೆ, ಇಲ್ಲಿಗೆ ನೊಮೇಡ್ ಅಂತ ಅನೌನ್ಸ್ ಮಾಡಿದ್ರು 2025 ಜನವರೀಲಿ. ನಾಲ್ಕೇ ದಿನಕ್ಕೆ 50,000 ಬುಕಿಂಗ್ ಆಗಿ ಆರ್ಡರೇ ನಿಲ್ಸಿದ್ರು. ನಮ್ಮೂರಲ್ಲಿ ಕೇಳೋರಿಲ್ಲ

ಶಿವು, 8.20: ಸರಿ ಒಪ್ದೆ ಅಳತೆ ಕಲಿತಾರೆ. ನಮ್ ಹುಡುಗ ಅದೇ ಕಲ್ತು ಇಲ್ಲಿ ಮಾಡಿದ್ರೆ ಲತಾ ಬಿಡ್ತಾಳಾ ಕೇಳು. ಹೋದ ತಿಂಗಳು ನನ್ನ ಕಸ್ಟಮರ್ ಒಬ್ಬನ ಜೀಪಿಗೆ ಫೈನ್ ಹಾಕಿದ್ರು, ದಪ್ಪ ಟೈರ್ ಹಾಕಿದ್ದಕ್ಕೆ

ಲತಾ, 8.41: ಹಾಕಲೇಬೇಕು. ಮೋಟಾರು ವಾಹನ ಕಾಯ್ದೆ ಸೆಕ್ಷನ್ 52, ಕಂಪನಿ ಹೇಳಿದ್ದಕ್ಕಿಂತ ಬೇರೆ ತರ ಗಾಡಿ ಬದಲಾಯಿಸಂಗಿಲ್ಲ, 2019 ಜನವರೀಲಿ ಸುಪ್ರೀಂ ಕೋರ್ಟೂ ಅದೇ ಹೇಳಿದೆ. ಆ ವರ್ಷದ ತಿದ್ದುಪಡೀಲಿ ಒಂದೊಂದು ಬದಲಾವಣೆಗೂ 5,000 ಫೈನು ಇಲ್ಲಾ ಆರು ತಿಂಗಳವರೆಗೆ ಜೈಲು ಅಂತ ಬಂತು. ಬಣ್ಣ ಬದಲಾಯ್ಸಿ ಆರ್‌ಸಿಲಿ ಬರೆಸ್ಕೊಬೋದು, ಅಪ್ರೂವ್ ಆದ ಗ್ಯಾಸ್ ಕಿಟ್ ಹಾಕ್ಸಬೋದು, ಅಂಗವಿಕಲರಿಗೆ ಬೇಕಾದಂಗೆ ಮಾಡಿಸ್ಬೋದು. ನನಗೇನು ಖುಷಿನಾ ಶಿವು? ರಾತ್ರಿ ಎರಡು ಗಂಟೆಗೆ ಸ್ಪಾಟಿಗೆ ಹೋಗೋಳು ನಾನು. ಹೆಡ್‌ಲೈಟ್ ಮೇಲೆ ಇನ್ನೆರಡು ಫ್ಲಡ್‌ಲೈಟ್ ಹಾಕಿರೋ ಗಾಡಿ ಎದುರಿಗೆ ಬಂದು ಕಣ್ ಕುಕ್ಕಿ ಬೈಕಿನವ್ನು ಬಿದ್ದಿರ್ತಾನೆ, ಅವನ ಹೆಂಡ್ತಿಗೆ ನೀನು ಹೇಳ್ತೀಯಾ ಕ್ರಿಯೇಟಿವಿಟಿ ಅಂತ?

ಶಿವು, 8.44: ಲೈಟ್ ಹಾಕೋನ್ಗೂ ಕಲಿಯೋ ಹುಡುಗ್ರಿಗೂ ಒಂದೇ ಕಾನೂನಾ ಅಂತ ಕೇಳ್ತಿರೋದು. ಮಂಜ ಹೇಳಿದ್ದು ನೋಡು, ಅಲ್ಲಿ ಅಳೆಸ್ಕೊಂಡು ಬಾ ಅಂತಾರೆ. ಇಲ್ಲಿ ಅಳಿಯೋರೇ ಇಲ್ಲ

ಲತಾ, 8.46: ಅದು ಒಪ್ತೀನಿ. ತಂದು ತೋರ್ಸಿ ಪಾಸ್ ಮಾಡಿಸ್ಕೊಳಕ್ಕೆ ಒಂದು ಕೌಂಟರ್ ಇದ್ದಿದ್ರೆ ನನಗೂ ಅರ್ಧ ಕೆಲಸ ಕಮ್ಮಿ

ರಫಿ, 8.50: ಹಂಗಾದ್ರೆ ಕಾಲೇಜಲ್ಲಿ ನಾವ್ ಕತ್ತರಿಸಿದ ಪದ್ಮಿನಿ ಕಾರು ಇವತ್ತಿಗೂ ಓಡಾಡ್ತಿತ್ತು 😢

ಸೀನ, 8.51: ಪದ್ಮಿನಿ ವಿಷಯ ಬೇಡ

ಶಿವು, 8.52: ಯಾಕ್ ಬೇಡ? ಒಂಬತ್ ಜನ ತಲಾ 1,800 ಹಾಕಿದ್ದು, 16,000ಕ್ಕೆ ತಂದ ಗಾಡಿ. ಟಾಪ್ ತೆಗೆದು ಓಪನ್ ಕಾರ್ ಮಾಡೋಣ ಅಂದವ್ನು ನೀನೇ. ಎಗ್ಸಿಬಿಷನ್ ದಿನ ವರ್ಕ್‌ಶಾಪ್ ಹಿಂದೆ ಬೇವಿನ ಮರದ ಕೆಳಗೆ ನಿಲ್ಸಿ ಟಾರ್ಪಾಲ್ ಮುಚ್ಚಿಸಿದ್ರು. ಡಿಪಾರ್ಟ್‌ಮೆಂಟ್‌ನೋರು ಬಂದು ನೋಡ್ಲೂ ಇಲ್ಲ

ಮಂಜ ಹಮಾಮತ್ಸು, 8.55: ನೋಡಿದ್ರೆ ನಗ್ತಿದ್ರು ಬಿಡು. ಟಾಪ್ ಕತ್ತರಿಸಿದ ಮಾರನೇ ದಿನ ಡ್ರೈವರ್ ಡೋರ್ ಮುಚ್ಚಲೇ ಇಲ್ಲ ನೆನಪಿದ್ಯಾ. ಮೇಲ್ಗಡೆ ಸಂದಿ ಕಚ್ಕೊಂಡ್ಬಿಟ್ಟಿತ್ತು, ಕೆಳಗಡೆ ಬೆರಳು ತೂರೋಷ್ಟು ಗ್ಯಾಪು. ಒದ್ದು ಮುಚ್ಚಕ್ಕೆ ಹೋಗಿ ಶಿವು ಚಪ್ಪಲಿ ಕಿತ್ತೋಯ್ತು

ಗುರುರಾಜ್ ಸರ್, 9.15: ಎಲ್ಲರಿಗೂ ನಮಸ್ಕಾರ. ಓದ್ತಾ ಇದ್ದೆ. ಪದ್ಮಿನಿಗೆ ಜೀಪಿನ ತರ ಬೇರೆ ಚಾಸಿ ಇಲ್ಲ ಅಂತ ನಿಮಗೆ ಎರಡನೇ ವರ್ಷದಲ್ಲೇ ಬೋರ್ಡಲ್ಲಿ ಬರೆದು ತೋರಿಸಿದ್ದೆ. ಬಾಡಿನೇ ಅದರ ಬೆನ್ನೆಲುಬು, ಟಾಪ್ ಹೋದ ಮೇಲೆ ನಡು ಕುಸಿಯುತ್ತೆ. ಡೋರ್ ಜಾಗಕ್ಕೆ ಅಡ್ಡ ಆಂಗಲ್ ವೆಲ್ಡ್ ಮಾಡಿ, ಡೋರ್ ಕೆಳಗಿನ ಉದ್ದ ತೊಲೆ, ಅದೇ ಸಿಲ್ಲು, ಅದಕ್ಕೆ ಬಲ ಕೊಟ್ಟು ಆಮೇಲೆ ಕಟಿಂಗ್ ಶುರು ಮಾಡ್ರಪ್ಪ ಅಂದೆ. ನಾನು ಅಕ್ಕನ ಮಗಳ ಮದುವೆಗೆ ಎರಡು ದಿನ ರಜ ಹಾಕಿ ಬರೋಷ್ಟರಲ್ಲಿ ಟಾಪು ಪಾರ್ಥೇನಿಯಂ ಗಿಡದ ಮೇಲೆ ಬಿದ್ದಿತ್ತು.

ರಫಿ, 9.17: ಸರ್ ಕಟಿಂಗ್‌ಗೆ ತಂದ ಆಕ್ಸಿಜನ್ ಸಿಲಿಂಡರ್ ಸೋಮವಾರ ವಾಪಸ್ ಕೊಡ್ಬೇಕಿತ್ತು ಸರ್ ಅದಕ್ಕೆ 🙏

ಗುರುರಾಜ್ ಸರ್, 9.21: ಇನ್ನೊಂದು. ಶಿವು, ಅಳೆಯೋರು ಇಲ್ಲ ಅಂತೀಯ. ಆಗಿನ ಸೆಕ್ಷನ್ 52ರಲ್ಲಿ ಆರ್‌ಟಿಒಗೆ ಅರ್ಜಿ ಕೊಟ್ಟು ಒಪ್ಪಿಗೆ ಕೇಳೋ ದಾರಿ ಇತ್ತು, 2000ದ ತಿದ್ದುಪಡಿ ಆದ ಮೇಲೆ ಬಿಗಿಯಾಯ್ತು. ಅರ್ಜಿ ನಾನೇ ಬರೆದು ನಿನ್ನ ಕೈಗೆ ಕೊಟ್ಟಿದ್ದೆ.

ಶಿವು, 9.30: ...

ಶಿವು, 9.33: ಸರ್ ಆವತ್ತು ಬಸ್ ಮಿಸ್ ಆಯ್ತು ಸರ್

ಲತಾ, 9.34: 😂😂😂 26 ವರ್ಷ ಆದ್ಮೇಲೆ ಹೊರಗ್ ಬಂತು

ರಫಿ, 9.36: (ಫೋಟೊ) ಇದೇನು ಹೇಳಿ

ಮಂಜ ಹಮಾಮತ್ಸು, 9.37: ಅಯ್ಯೋ ಪದ್ಮಿನಿ ಸ್ಟೀರಿಂಗ್ ಗೇರ್ ಲಿವರ್ರು! ಎಲ್ಲಿತ್ತೋ ಇದು

ರಫಿ, 9.39: ಗುಜರಿಯವ್ನು ಎತ್ಕೊಂಡು ಹೋಗೋ ಹಿಂದಿನ ರಾತ್ರಿ ನಾನೇ ಬಿಚ್ಕೊಂಡೆ. ಶೆಡ್ಡಲ್ಲಿ ಬನಿಯನ್ ಬಟ್ಟೆ ನೇತಾಕಕ್ಕೆ ಗೋಡೆಗೆ ಹೊಡ್ದಿದೀನಿ. ಬಿಳಿ ಗುಂಡು ಮಾತ್ರ ಹಳದಿ ಆಗಿದೆ

ಶಿವು, 9.41: ಗುಜರಿ ಅಂದ್ರಲ್ಲ ಈಗ ನೆನಪಾಯ್ತು. ತೂಕಕ್ಕೆ ಹಾಕಿ 2,700 ಬಂತು. ಒಂಬತ್ತು ಜನಕ್ಕೆ ತಲಾ 300. ದುಡ್ಡು ಸೀನನ ಹತ್ರ ಇತ್ತು

ಸೀನ, 9.43: ಲೋ ಅದರಲ್ಲೇ ಅಲ್ವೇನ್ರೋ ಫೇರ್‌ವೆಲ್ ಬಿರಿಯಾನಿ ತಿಂದಿದ್ದು ಎಲ್ರೂ, ಬಸ್‌ಸ್ಟ್ಯಾಂಡ್ ಮುಂದೆ

ಲತಾ, 9.44: ನಾನು ಮೊಸರನ್ನ ತಿಂದಿದ್ದು

ಗುರುರಾಜ್ ಸರ್, 9.50: ಸೀನ, ಆ ಬಿರಿಯಾನಿ ಬಿಲ್ ನಾನು ಕೊಟ್ಟಿದ್ದಪ್ಪ.

ಸೀನ, 9.51: ಈ ಮೆಸೇಜ್ ಡಿಲೀಟ್ ಮಾಡಲಾಗಿದೆ

ಸೀನ, 9.51: ಈ ಮೆಸೇಜ್ ಡಿಲೀಟ್ ಮಾಡಲಾಗಿದೆ

ರಫಿ, 9.52: ನನ್ನ ಫೋನ್‌ಪೇ ನಂಬರ್ ಇದೇ ಮಗಾ, ಬಡ್ಡಿ ಬೇಡ