ಗೀಸರ್ ಒಡೆದು ಮನೆಯೆಲ್ಲ ನೀರು: ನಿಮ್ಮ ಅನುಭವ ಹೇಳಿ

ಉತ್ತರಹಳ್ಳಿ ಮೇಲ್ಮನೆ: ಎರಡನೇ ಮಹಡಿ, ಸ್ವಂತ ಫ್ಲ್ಯಾಟ್. 25 ಲೀಟರ್ ಗೀಸರ್, ಹಾಕಿಸಿ ಆರು ವರ್ಷ. ನಿನ್ನೆ ಬೆಳಗಿನ ಜಾವ ಬಾತ್‌ರೂಮಿನಲ್ಲಿ ಧಡ್ ಅಂತ ಸದ್ದಾಯಿತು. ಹೋಗಿ ನೋಡಿದರೆ ಟ್ಯಾಂಕಿನ ತಳ ಬಾಯಿ ಬಿಟ್ಟು ಬಿಸಿನೀರು ಸುರಿಯುತ್ತಿತ್ತು. ಎಂಸಿಬಿ ಇಳಿಸಿ, ವಾಲ್ವ್ ಹುಡುಕಿ ಮುಚ್ಚುವಷ್ಟರಲ್ಲಿ ಹಾಲ್‌ವರೆಗೂ ನೀರು. ಕೆಳಗಿನ ಮನೆಯ ಸೀಲಿಂಗ್ ಒದ್ದೆಯಾಗಿದೆ. ನಮ್ಮದು ಬೋರ್ ನೀರು. ಮತ್ತೆ ಗೀಸರೇ ತರಲಾ, ಸೋಲಾರ್ ಹಾಕಿಸಲಾ? ಕೆಳಗಿನವರ ಪೇಂಟ್ ಖರ್ಚು ನಾನೇ ಕೊಡಬೇಕಾ? ಮನೆಯಲ್ಲಿ 72 ವರ್ಷದ ಅಮ್ಮ ಇದ್ದಾರೆ, ತಣ್ಣೀರು ಆಗಿಬರುವುದಿಲ್ಲ.

ಬೋರ್‌ವೆಲ್ ಬಲಿಪಶು: ಒಂಬತ್ತು ವರ್ಷದಲ್ಲಿ ಮೂರು ಗೀಸರ್ ಮಣ್ಣು ಮಾಡಿದವನು ನಾನು. ಮೊದಲನೆಯದು ಮೂರೂವರೆ ವರ್ಷಕ್ಕೆ ಹೋಯಿತು. ಟ್ಯಾಂಕಿಗೆ ಏಳು ವರ್ಷ ಗ್ಯಾರಂಟಿ ಅಂತ ಕಾರ್ಡಿನಲ್ಲಿ ದಪ್ಪಕ್ಷರದಲ್ಲಿತ್ತು. ಸರ್ವೀಸ್ ಹುಡುಗ ಬಂದ. ಗೀಸರ್ ಮುಟ್ಟಲೂ ಇಲ್ಲ. ಜೇಬಿನಿಂದ ಪೆನ್ನಿನಂಥ ಟಿಡಿಎಸ್ ಮೀಟರ್ (ನೀರಿನಲ್ಲಿ ಎಷ್ಟು ಲವಣ ಕರಗಿದೆ ಅಂತ ಅಳೆಯುವುದು) ತೆಗೆದು ಬಕೆಟ್ಟಿಗೆ ಅದ್ದಿದ. 940. "ಸರ್, ನೀರು ಸರಿಯಿಲ್ಲ, ವಾರಂಟಿ ಬರಲ್ಲ" ಅಂದ. ಬಂದು ಹೋಗಿದ್ದಕ್ಕೆ 350 ರೂಪಾಯಿ ಇಸಕೊಂಡ.

ಎರಡನೆಯದು ಒಡೆದಾಗ ನಾನೇ ಎದುರು ನಿಂತು ಬಿಚ್ಚಿಸಿದೆ. ಒಳಗೆ ಮೆಗ್ನೀಷಿಯಂ ರಾಡ್ ಅಂತ ಒಂದಿರುತ್ತದಲ್ಲ, ತುಕ್ಕು ಮೊದಲು ಅದನ್ನು ತಿಂದು ಆಮೇಲೆ ಟ್ಯಾಂಕಿಗೆ ಬಾಯಿ ಹಾಕುತ್ತದೆ. ನಮ್ಮದರಲ್ಲಿ ನಡುವಿನ ತಂತಿ ಮಾತ್ರ ಉಳಿದಿತ್ತು. ಕಾಯಿಲ್ ಮೇಲೆ ಚಕ್ಕುಲಿ ಸುತ್ತಿದ ಹಾಗೆ ಸುಣ್ಣ. ವರ್ಷವರ್ಷ ದುಡ್ಡು ತಗೊಂಡು ಸರ್ವೀಸ್ ಮಾಡಿದವನು ಇದನ್ನು ಒಂದು ದಿನವೂ ಬಿಚ್ಚಿ ನೋಡಿರಲಿಲ್ಲ!

ಲೆಕ್ಕ ಬರೆದಿಟ್ಟಿದ್ದೇನೆ. ಹೊಸ ಗೀಸರ್ 9,200. ಎರಡು ಕನೆಕ್ಷನ್ ಪೈಪ್ 450. ಕೂರಿಸಿದ್ದಕ್ಕೆ 500. ಪಕ್ಕದ ರೂಮಿನ ವಾರ್ಡ್‌ರೋಬ್ ತಳ ಉಬ್ಬಿ 14,000. ಹಳೇ ಗೀಸರಿಗೆ ಗುಜರಿಯವನು ಕೊಟ್ಟಿದ್ದು 350. ಅದೇ ಸರ್ವೀಸ್ ಹುಡುಗನ 350!

ಬಿಸಿಲು ನಂಬಿದವನು: ಮೂರು ಗೀಸರ್ ಕೊಂಡ ದುಡ್ಡಲ್ಲಿ ಸೋಲಾರ್ ಬರುತ್ತಿತ್ತು ಸ್ವಾಮಿ. ನಾನು 200 ಲೀಟರಿನದು ಹಾಕಿಸಿ 11 ವರ್ಷ ಆಯಿತು. ಬಿಲ್ಲಿನಲ್ಲೂ ತಿಂಗಳಿಗೆ 50 ರೂಪಾಯಿವರೆಗೆ ಬೆಸ್ಕಾಂ ರಿಯಾಯಿತಿ ಸಿಕ್ಕಿದೆ. ತೊಂದರೆ ಇಲ್ಲವೇ ಇಲ್ಲ ಅನ್ನಲಾರೆ. ಆಲಿಕಲ್ಲು ಮಳೆಗೆ ಒಂದು ಸಲ ನಾಲ್ಕು ಗಾಜಿನ ಟ್ಯೂಬ್ ಹೋದವು. ಬೋರ್ ನೀರಿನ ಸುಣ್ಣ ಸೋಲಾರನ್ನೂ ಬಿಡುವುದಿಲ್ಲ, ಎರಡು ವರ್ಷಕ್ಕೊಮ್ಮೆ ತೊಳೆಸಲೇಬೇಕು. ಜುಲೈ-ಆಗಸ್ಟಿನಲ್ಲಿ ನೀರು ಉಗುರುಬೆಚ್ಚಗೆ. ಆದರೆ ಬೆಳಗಿನ ಜಾವ ನಿಮ್ಮ ಹಾಗೆ ಧಡ್ ಅಂತ ಎದ್ದಿಲ್ಲ.

ಎರಡು ನೂರು ಯೂನಿಟ್: ಗೃಹಜ್ಯೋತಿ ಇರುವಾಗ ಸೋಲಾರ್ ಯಾಕ್ರೀ? ಕರೆಂಟ್ ಬಿಟ್ಟಿ.

ಬಿಸಿಲು ನಂಬಿದವನು: ಯಾರು ಹೇಳಿದ್ದು ಬಿಟ್ಟಿ ಅಂತ? 2022-23ರಲ್ಲಿ ನೀವು ಬಳಸಿದ ಸರಾಸರಿ, ಅದರ ಮೇಲೆ 10 ಪರ್ಸೆಂಟ್, ಅಷ್ಟೇ ಬಿಟ್ಟಿ. 200 ದಾಟಿದ ತಿಂಗಳು ಪೂರ್ತಿ ಬಿಲ್ಲು. ಎರಡು ಕಿಲೋವ್ಯಾಟ್ ಗೀಸರ್ ಗಂಟೆಗೆ ಎರಡು ಯೂನಿಟ್ ಎಳೆಯುತ್ತದೆ. ಸ್ವಿಚ್ ಹಾಕಿ ಮರೆತು ವಾಕಿಂಗ್ ಹೋಗುವವರಿಗೆ ಇದೆಲ್ಲ ಗೊತ್ತಾಗುವುದಿಲ್ಲ.

ಎರಡು ನೂರು ಯೂನಿಟ್: ನಾನು ವಾಕಿಂಗ್ ಹೋಗಿದ್ದು ನಿಮಗೆ ಹೇಗೆ ಗೊತ್ತು? ಒಂದು ಗೀಸರ್ ನೀರು ಕಾಯಲು ಅರ್ಧ ಗಂಟೆ, ಒಂದು ಯೂನಿಟ್. ನಾಲ್ಕು ಜನಕ್ಕೆ ದಿನಕ್ಕೆ ಎರಡು. ಸುಮ್ನೆ ಹೆದರಿಸಬೇಡಿ.

ಹಳೇ ವೈರ್‌ಮನ್: ಇಷ್ಟು ಜನ ಬರೆದಿರಿ, ಸೇಫ್ಟಿ ವಾಲ್ವ್ ಬಗ್ಗೆ ಒಬ್ಬರಾದರೂ ಕೇಳಿದಿರಾ? ತುಕ್ಕು ಹಿಡಿದ ಟ್ಯಾಂಕ್ ಸಾಮಾನ್ಯವಾಗಿ ಮೊದಲು ಸೋರುತ್ತದೆ, ಗೋಡೆ ಮೇಲೆ ಕಂದು ಗೆರೆ ಬರುತ್ತದೆ. ಧಡ್ ಅಂದಿದೆ ಅಂದರೆ ಒತ್ತಡವೂ ಇತ್ತು. 25 ಲೀಟರ್ ನೀರು ಕಾದರೆ ಎರಡು ಲೋಟದಷ್ಟು ಹಿಗ್ಗುತ್ತದೆ. ಒಳಗೆ ಬರುವ ಪೈಪಿನಲ್ಲಿ ನಾನ್ ರಿಟರ್ನ್ ವಾಲ್ವ್ ಇದ್ದರೆ ಅದು ವಾಪಸ್ ಹೋಗಲಾರದು. ಸೇಫ್ಟಿ ವಾಲ್ವ್‌ನಿಂದಲೇ ತೊಟ್ಟಿಕ್ಕಬೇಕು. ತೊಟ್ಟಿಕ್ಕುವುದೇ ಅದರ ಕೆಲಸ. ನಮ್ಮ ಜನ ಏನು ಮಾಡುತ್ತಾರೆ? "ಲೀಕ್ ಆಗ್ತಿದೆ" ಅಂತ ಎಂ-ಸೀಲ್ ಮೆತ್ತುತ್ತಾರೆ. ನಾನೇ ಒಂದು ಮನೆಯಲ್ಲಿ ಅದಕ್ಕೆ ಬೆಂಡೆಕಾಯಿ ಗಾತ್ರದ ಮರದ ಬೆಣೆ ಹೊಡೆದಿದ್ದನ್ನು ಕಿತ್ತಿದ್ದೇನೆ. ಅದರ ಜೊತೆ ಬಿಸಿ ಹದದಲ್ಲಿಡುವ ಥರ್ಮೋಸ್ಟಾಟ್, ಅತಿಯಾಗಿ ಕಾದರೆ ಕರೆಂಟ್ ಕಡಿಯುವ ಕಟೌಟ್ ಎರಡೂ ಕೈಕೊಟ್ಟರೆ ಅದು ಗೀಸರ್ ಅಲ್ಲ, ಬಾಂಬು.

ಬೋರ್‌ವೆಲ್ ಬಲಿಪಶು: ನಾನು ಯಾವ ಬೆಣೆಯನ್ನೂ ಹೊಡೆದಿಲ್ಲ. ತಪ್ಪೆಲ್ಲ ಮನೆಯವರದು ಅನ್ನುವ ಚಾಳಿ ನಿಮ್ಮ ಲೈನಿನವರದು.

ಹಳೇ ವೈರ್‌ಮನ್: ನಿಮ್ಮ ಹೆಸರು ಎಲ್ಲಿ ತೆಗೆದೆ ಸರ್? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರೆ ನಾನೇನು ಮಾಡಲಿ.

ಖಾಲಿ ಮಾಡಿದವಳು: ನಮ್ಮದು ಬಾಡಿಗೆ ಮನೆಯ ಕಥೆ. ಗೀಸರ್ ನಾವು ಬರುವ ಮೊದಲೇ ಹಳೆಯದು. ಸೋರುತ್ತಿದೆ ಅಂತ ಓನರಿಗೆ ನಾಲ್ಕು ಸಲ ಫೋನ್ ಮಾಡಿದೆ. "ನೋಡೋಣಮ್ಮ, ಹಬ್ಬ ಕಳೀಲಿ" ಅಂದರು. ಯಾವ ಹಬ್ಬ ಅಂತ ಹೇಳಲಿಲ್ಲ. ದೀಪಾವಳಿಗೆ ನೀರು ತುಂಬುವ ಹಬ್ಬದ ದಿನವೇ ಒಡೆಯಿತು! ಖಾಲಿ ಮಾಡುವಾಗ ಅಡ್ವಾನ್ಸಿನಲ್ಲಿ 11,000 ಗೀಸರಿಗೆ, 22,000 ಪೇಂಟಿಗೆ ಹಿಡಿದರು. ಹೊಸ ಗೀಸರ್ ಹಾಕಿಸಿದರಾ? ಇಲ್ಲ. ಈಗಿನ ಬಾಡಿಗೆಯವರು ಕಾಯಿಲ್ ಅದ್ದಿ ನೀರು ಕಾಯಿಸುತ್ತಿದ್ದಾರಂತೆ.

ಮೂರು ಮನೆ ಓನರ್: ಒಂದೇ ಕಡೆಯದು ಕೇಳಿದರೆ ಹೀಗೇ ಅಮ್ಮಾ. ನಮ್ಮ ಬಾಡಿಗೆಯವರು ರಾತ್ರಿಯಿಡೀ ಗೀಸರ್ ಆನ್ ಇಟ್ಟು ಊರಿಗೆ ಹೋದರು. ಬಾಗಿಲು ಒಡೆಸಿ ಒಳಗೆ ಹೋದೆವು. ಬೀಗ 1,800, ಬಾಗಿಲಿನ ಫ್ರೇಮು 4,000. ಅದನ್ನು ಯಾರ ಅಡ್ವಾನ್ಸಿನಲ್ಲಿ ಹಿಡಿಯಲಿ?

ಖಾಲಿ ಮಾಡಿದವಳು: ಹತ್ತು ತಿಂಗಳ ಅಡ್ವಾನ್ಸ್ ಬಡ್ಡಿಯಿಲ್ಲದೆ ಇಟ್ಟುಕೊಂಡಿದ್ದೀರಲ್ಲ, ಆ ಬಡ್ಡಿಯಲ್ಲಿ ಹಿಡಿಯಿರಿ.

ತೀರ್ಥಹಳ್ಳಿ ಹಂಡೆ: ನಮ್ಮ ಕಡೆ ಬಚ್ಚಲೊಲೆಗೆ ಒಂದು ಬುಟ್ಟಿ ಅಡಿಕೆ ಸಿಪ್ಪೆ ಹಾಕಿದರೆ ಮನೆಮಂದಿಗೆಲ್ಲ ಸ್ನಾನ. ತಾಮ್ರದ ಹಂಡೆ ನಮ್ಮ ಅಜ್ಜಿಯ ಕಾಲದ್ದು. ಒಂದೇ ಸಲ ತಳ ತೂತಾಗಿತ್ತು, 300 ರೂಪಾಯಿಗೆ ಬೆಸುಗೆ ಹಾಕಿಸಿದೆವು.

ಎರಡು ನೂರು ಯೂನಿಟ್: ಉತ್ತರಹಳ್ಳಿಯ ಎರಡನೇ ಮಹಡಿಯಲ್ಲಿ ಅಡಿಕೆ ಸಿಪ್ಪೆ ಎಲ್ಲಿಂದ ತರೋದು ಮಾರಾಯರೇ?

ತೀರ್ಥಹಳ್ಳಿ ಹಂಡೆ: ಅದು ಬೆಂಗಳೂರಿಗೆ ಹೋಗುವ ಮೊದಲು ಯೋಚಿಸಬೇಕಿತ್ತು.

ಸಿಲಿಂಡರ್ ಮನೆ: ನಾವು ಗ್ಯಾಸ್ ಗೀಸರ್ ಹಾಕಿಸಿದ್ದೇವೆ. ಎರಡು ನಿಮಿಷದಲ್ಲಿ ಬಿಸಿನೀರು, ಟ್ಯಾಂಕಿನ ಗೋಳಿಲ್ಲ.

ಹಳೇ ವೈರ್‌ಮನ್: ಗೀಸರ್ ಬಾತ್‌ರೂಮಿನ ಒಳಗಿದೆಯೋ ಹೊರಗಿದೆಯೋ, ಅದು ಹೇಳಿ. ಒಳಗಿದ್ದರೆ ಇವತ್ತೇ ಆಫ್ ಮಾಡಿ. ಗ್ಯಾಸ್ ಸರಿಯಾಗಿ ಉರಿಯದಾಗ ಬರುವ ಕಾರ್ಬನ್ ಮಾನಾಕ್ಸೈಡ್ ವಿಷ, ಅದಕ್ಕೆ ವಾಸನೆ ಇಲ್ಲ. ಬಾಗಿಲು ಹಾಕಿಕೊಂಡು ಸ್ನಾನಕ್ಕೆ ಹೋದವರು ಹೊರಗೆ ಬಂದಿಲ್ಲ ಅಂತ ನಮ್ಮ ಊರಲ್ಲೇ ಎಷ್ಟು ಸಲ ಓದಿದ್ದೇವೆ.

ಸಿಲಿಂಡರ್ ಮನೆ: ಬಾಲ್ಕನಿಯಲ್ಲಿದೆ. ಕೇಳುವ ಮೊದಲೇ ಬೈಯಬೇಡಿ.

ಹಳೇ ವೈರ್‌ಮನ್: ಬೈದಿಲ್ಲ. ನನ್ನ ದನಿಯೇ ಹಾಗೆ.

ಉತ್ತರಹಳ್ಳಿ ಮೇಲ್ಮನೆ: ಎಲ್ಲರಿಗೂ ಥ್ಯಾಂಕ್ಸ್. ಸೇಫ್ಟಿ ವಾಲ್ವ್ ಬಿಚ್ಚಿ ನೋಡಿದೆ, ಸುಣ್ಣ ಕಟ್ಟಿ ಕಲ್ಲಾಗಿದೆ. ಅಮ್ಮನಿಗೆ ಇವತ್ತೂ ಒಲೆ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ ಕೊಟ್ಟೆ. ಕೆಳಗಿನ ಮನೆಯವರು ಪೇಂಟಿಗೆ 18,000 ಅಂತ ಚೀಟಿ ಕಳಿಸಿದ್ದಾರೆ. ಅದರ ಬಗ್ಗೆ ಯಾರೂ ಹೇಳಲಿಲ್ಲ.

ಮೂರು ಮನೆ ಓನರ್: ಪೂರ್ತಿ ಕೊಡಬೇಡಿ. ಒದ್ದೆಯಾದ ಸೀಲಿಂಗಿಗೆ ಮಾತ್ರ ಕೊಡಿ, ಇಲ್ಲದಿದ್ದರೆ ನಿಮ್ಮ ದುಡ್ಡಲ್ಲಿ ಗೋಡೆಗೆಲ್ಲ ಅವರು ಹೊಸ ಪೇಂಟ್ ಹೊಡೆಸಿಕೊಳ್ಳುತ್ತಾರೆ.

ಖಾಲಿ ಮಾಡಿದವಳು: ನೋಡಿದಿರಾ, ಅವರಿಗೆ ಈ ವಿದ್ಯೆ ಚೆನ್ನಾಗಿ ಗೊತ್ತು.