ಸಹಾಯ ಬೇಕು: ಕಿಯೊಜ್ಜಾದಲ್ಲಿ ಮೀನೂಟ, ತೂಕದ ಲೆಕ್ಕ

ಏಪ್ರಿಲ್‌ನಲ್ಲಿ ವೆನಿಸ್ ಪಕ್ಕದ ಕಿಯೊಜ್ಜಾದಲ್ಲಿ ನಾಲ್ವರ ಊಟ. ಸೋಮವಾರ ಮೀನು ಮಾರುಕಟ್ಟೆ ಮುಚ್ಚಿರುತ್ತದೆ, ಅದಕ್ಕೇ ಬುಧವಾರ ಇಟ್ಟುಕೊಂಡಿದ್ದೇವೆ.

ಇಡೀ ಮೀನಿನ ಬೆಲೆ ಅಲ್ಲಿ 'ಎತ್ತೊ' ಲೆಕ್ಕ, ಅಂದರೆ 100 ಗ್ರಾಂಗೆ. ಮೆನುವಿನಲ್ಲಿ 6 ಯೂರೊ ಕಂಡರೆ 800 ಗ್ರಾಂ ಮೀನಿಗೆ ಬಿಲ್ಲು 48! ತೂಕವೂ ಹಸಿ ಮೀನಿನದು, ತಲೆ-ಮುಳ್ಳು ಸಮೇತ. ಹಾಗಾದರೆ ಇಬ್ಬರಿಗೆ 800 ಗ್ರಾಂ ಸಾಕೇ, ಒಂದು ಕೆಜಿ ಹೇಳಬೇಕೇ? ಬೇಯಿಸುವ ಮೊದಲು ಮೀನು ತೋರಿಸಿ ತೂಗಿ ಎಂದರೆ ಬೇಸರಪಡುತ್ತಾರೆಯೇ? ಮೆನುವಿನ ನಕ್ಷತ್ರ ಗುರುತು ಫ್ರೋಜನ್ ಎಂದೂ, 'ಕೊಪೆರ್ತೊ', ಅಂದರೆ ಮೇಜಿನ ಶುಲ್ಕ, ತಲೆಗಿಷ್ಟು ಬೇರೆ ಎಂದೂ ಗೊತ್ತು.

ಮುಖ್ಯ ಪ್ರಶ್ನೆ: ಒಬ್ಬರಿಗೆ ಸಿಗಡಿ, ಏಡಿ ಅಲರ್ಜಿ. ಪೊರೆ ಕಳಚಿದ ಮೆತ್ತನೆ ಏಡಿ 'ಮೊಯೆಕೆ'ಗೆ ಅದೇ ಋತು. ಅದನ್ನು ಕರಿದ ಎಣ್ಣೆಯಲ್ಲೇ ಬೂತಾಯಿಯನ್ನೂ ಕರಿಯುತ್ತಾರೆಯೇ? ಸುಟ್ಟ ಮೀನು ಹೇಳುವುದೇ ಕ್ಷೇಮವೇ? ಅಲ್ಲಿ ಉಂಡವರು ದಯವಿಟ್ಟು ತಿಳಿಸಿ.